ನೆಲವೇ ಡೊಂಕಾಗಿದ್ದಾಗ: ಮೊದಲ ಬೇಸ್ ಗಿಟಾರ್ ಕೊಳ್ಳುವವರಿಗೆ

ಕುಣಿಯಲು ಬಾರದವರು ನೆಲ ಡೊಂಕು ಎಂದರಂತೆ. ಬೇಸ್ ಗಿಟಾರ್ ಕಲಿಯಲು ಹೊರಟವರ ಪಾಡು ಇದಕ್ಕೆ ತದ್ವಿರುದ್ಧ. ನೆಲ ನಿಜವಾಗಿಯೂ ಡೊಂಕಾಗಿರುತ್ತದೆ, ಆದರೆ ಅವರು ತಮಗೇ ಕುಣಿಯಲು ಬರುವುದಿಲ್ಲ ಎಂದುಕೊಂಡು ಸುಮ್ಮನಾಗುತ್ತಾರೆ. ಮೊದಲ ಫ್ರೆಟ್‌ನಲ್ಲಿ (ನೆಕ್, ಅಂದರೆ ವಾದ್ಯದ ಕತ್ತಿನ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳೇ ಫ್ರೆಟ್) ಎಫ್ ಸ್ವರ ಒತ್ತಲು ಹೋದರೆ ಬೆರಳು ಸೋಲುತ್ತದೆ, ಕೈಗೆ ಬಲ ಸಾಲದು ಅನ್ನಿಸುತ್ತದೆ. ಐದನೇ ಫ್ರೆಟ್‌ನಲ್ಲಿ ತಂತಿ ಜರ್ರೆನ್ನುತ್ತದೆ, ಒತ್ತುವ ರೀತಿ ಸರಿಯಿಲ್ಲ ಅನ್ನಿಸುತ್ತದೆ. ಮೂರು ತಿಂಗಳಲ್ಲಿ ವಾದ್ಯ ಮಂಚದ ಕೆಳಗೆ.

ಎಫ್ ವಿಷಯವನ್ನೇ ನೋಡಿ. ದಪ್ಪನೆಯ ಇ ತಂತಿಯನ್ನು ಮೂರನೇ ಫ್ರೆಟ್‌ನಲ್ಲಿ ಒತ್ತಿ ಹಿಡಿದು, ಮೊದಲ ಫ್ರೆಟ್‌ಗೂ ತಂತಿಗೂ ನಡುವೆ ಎಷ್ಟು ಸಂದಿದೆ ಎಂದು ಕಣ್ಣನ್ನು ಹತ್ತಿರ ತಂದು ನೋಡಬೇಕು. ಒಂದು ಹಾಳೆ ಕಾಗದ ತೂರುವಷ್ಟಿದ್ದರೆ ಸರಿ. ವಿಸಿಟಿಂಗ್ ಕಾರ್ಡ್ ಆರಾಮವಾಗಿ ತೂರಿದರೆ ನಟ್‌ನಲ್ಲಿ (ನೆಕ್‌ನ ತಲೆಯ ಕಡೆ ತಂತಿಗಳು ಹಾದುಹೋಗುವ ಪುಟ್ಟ ಪಟ್ಟಿ) ತಂತಿ ಕೂರುವ ಕಚ್ಚು ಸಾಕಷ್ಟು ಆಳವಿಲ್ಲ. ಕಡಿಮೆ ಬೆಲೆಯ ವಾದ್ಯಗಳಲ್ಲಿ ಇದು ತೀರಾ ಸಾಮಾನ್ಯ. ಕಚ್ಚು ಎತ್ತರವಾಗಿದ್ದರೆ ಆಮೇಲೆ ಉಜ್ಜಬಹುದು, ತಗ್ಗಾಗಿಬಿಟ್ಟರೆ ಏರಿಸುವುದು ಕಷ್ಟ, ಹಾಗಾಗಿ ಕಾರ್ಖಾನೆಯವರು ಎತ್ತರದ ಕಡೆಗೇ ಬಿಡುತ್ತಾರೆ. ಇದರಿಂದ ಒತ್ತುವುದಷ್ಟೇ ಕಷ್ಟವಲ್ಲ, ಶ್ರುತಿಯೂ ಕೆಡುತ್ತದೆ. ಬಿಟ್ಟ ತಂತಿ, ಅಂದರೆ ಎಲ್ಲೂ ಒತ್ತದೆ ನುಡಿಸಿದ ತಂತಿ, ಶ್ರುತಿ ತೋರಿಸುವ ಟ್ಯೂನರ್‌ನಲ್ಲಿ ನೆಟ್ಟಗೆ ನಿಂತಿರುತ್ತದೆ, ಎಫ್ ಒತ್ತಿದರೆ ಮುಳ್ಳು ಬಲಕ್ಕೆ ಜರುಗುತ್ತದೆ; ಅಷ್ಟು ದೂರ ಎಳೆದು ಒತ್ತಿದಾಗ ತಂತಿಯ ಬಿಗಿತವೇ ಹೆಚ್ಚಿರುತ್ತದೆ. ಇದು ಬೆರಳಿನ ತಪ್ಪಲ್ಲ. ತಕ್ಕ ಅರ ಇರುವವರ ಕೈಯಲ್ಲಿ ಹದಿನೈದು ನಿಮಿಷದ ಕೆಲಸ.

ಆದ್ದರಿಂದ ಕಡಿಮೆ ದುಡ್ಡಿನಲ್ಲಿ ಬೇಸ್ ಆರಿಸುವಾಗ "ಯಾವುದರ ನಾದ ಚೆನ್ನ" ಎಂಬ ಪ್ರಶ್ನೆ ಎರಡನೆಯದು. ಮೊದಲ ಪ್ರಶ್ನೆ, ಯಾವುದನ್ನು ಸರಿಪಡಿಸಬಹುದು, ಯಾವುದನ್ನು ಆಗದು ಎನ್ನುವುದು. ಇಡೀ ಬಜೆಟ್ಟನ್ನು ಹತ್ತು ಪಾಲು ಮಾಡಿದರೆ ಆರು ಪಾಲು ವಾದ್ಯಕ್ಕೆ, ಒಂದು ಪಾಲು ಹೊಸ ತಂತಿ ಮತ್ತು ಸೆಟಪ್‌ಗೆ (ವಾದ್ಯವನ್ನು ನುಡಿಸಲು ಹದವಾಗಿ ಹೊಂದಿಸುವ ಕೆಲಸ), ಎರಡು ಪಾಲು ಕೇಳಿಸಿಕೊಳ್ಳುವ ಸಾಧನಕ್ಕೆ, ಉಳಿದ ಒಂದು ಕೇಬಲ್, ಸ್ಟ್ರಾಪ್, ಟ್ಯೂನರ್‌ಗೆ. ಹತ್ತೂ ಪಾಲನ್ನು ವಾದ್ಯಕ್ಕೇ ಸುರಿದು, ಡಬ್ಬಿಯಿಂದ ತೆಗೆದ ಹಾಗೆಯೇ ನುಡಿಸುವವರು ಬಹಳ. ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ವಾದ್ಯ ಕೊಂಡು ಸೆಟಪ್ ಮಾಡಿಸಿದವರ ಕೈ ಬೇಗ ಪಳಗುತ್ತದೆ. ಎಲ್ಲವನ್ನೂ ಒಂದೇ ಡಬ್ಬಿಯಲ್ಲಿ ಕೊಡುವ ಸ್ಟಾರ್ಟರ್ ಪ್ಯಾಕ್‌ಗಳಲ್ಲಿ ಸಾಮಾನ್ಯವಾಗಿ ಬೇಸ್ ಪರವಾಗಿಲ್ಲ ಎನ್ನುವಂತಿರುತ್ತದೆ, ಆಂಪ್ (ಸದ್ದು ಹಿಗ್ಗಿಸುವ ಆಂಪ್ಲಿಫೈಯರ್) ಮತ್ತು ಕೇಬಲ್‌ಗಳೇ ಮೊದಲು ಕೈಕೊಡುವುದು.

ಯಾವ ಬಗೆಯದು

ನಾಲ್ಕು ತಂತಿ ಸಾಕು. ಐದು ತಂತಿಯದರಲ್ಲಿ ಬರುವ ಇನ್ನೂ ತಗ್ಗಿನ ಬಿ ಸ್ವರ ಸುಮಾರು 31 ಹರ್ಟ್ಸ್‌ನದು. ಅದನ್ನು ಸ್ಪಷ್ಟವಾಗಿ ನುಡಿಸುವ ನೆಕ್ ಅಗ್ಗದಲ್ಲಿ ಸಿಗುವುದು ಅಪರೂಪ, ಅದನ್ನು ಕೇಳಿಸುವ ಆಂಪ್ ಅದಕ್ಕಿಂತ ಅಪರೂಪ. ಮೇಲಾಗಿ ನುಡಿಸದ ತಂತಿಯನ್ನು ಸದ್ದಾಗದಂತೆ ಹಿಡಿದಿಡುವುದು ಬೇಸ್ ವಾದನದ ಅರ್ಧ ಕೆಲಸ. ಕಲಿಯುವ ಮೊದಲೇ ಇನ್ನೊಂದು ತಂತಿಯ ಕಾವಲು ಯಾಕೆ?

ಇವತ್ತಿನ ಬಹುತೇಕ ಬೇಸ್‌ಗಳ ಮೂಲ ಎರಡು. ಲಿಯೋ ಫೆಂಡರ್ 1951ರಲ್ಲಿ ಹೊರತಂದ ಪ್ರಿಸಿಷನ್ ಬೇಸ್ ಒಂದು, 1960ರಲ್ಲಿ ಬಂದ ಜಾಝ್ ಬೇಸ್ ಇನ್ನೊಂದು. ಪ್ರಿಸಿಷನ್‌ಗೆ 1957ರಲ್ಲಿ ಎರಡು ತುಂಡಾಗಿ ವಿಂಗಡಿಸಿದ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಅಯಸ್ಕಾಂತ ಮತ್ತು ಸುರುಳಿ) ಬಂತು. ಅದರ ಎರಡು ಸುರುಳಿಗಳು ಪರಸ್ಪರ ವಿರುದ್ಧವಾಗಿ ಸುತ್ತಿರುವುದರಿಂದ ಕರೆಂಟಿನ ಗುಂಯ್‌ಗುಡುವಿಕೆ ತಾನಾಗಿ ವಜಾ ಆಗುತ್ತದೆ. ಜಾಝ್ ಬೇಸ್‌ನಲ್ಲಿ ಎರಡೂ ಪಿಕಪ್‌ಗಳ ವಾಲ್ಯೂಮ್ ಸಮನಾಗಿದ್ದರೆ ಮಾತ್ರ ಹಾಗಾಗುತ್ತದೆ, ಒಂದನ್ನು ಇಳಿಸಿದರೆ ಗುಂಯ್ ಶುರು. ಇದನ್ನು ಕೆಟ್ಟುಹೋದ ಪಿಕಪ್ ಎಂದು ತಿಳಿದು ವಾದ್ಯ ಹಿಂತಿರುಗಿಸುವವರಿದ್ದಾರೆ. ಪ್ರಿಸಿಷನ್, ಜಾಝ್ ಎರಡರ ಪಿಕಪ್‌ಗಳನ್ನೂ ಸೇರಿಸಿದ, ಪಿಜೆ ಎಂದು ಕರೆಯುವ ಜೋಡಣೆ ಹೊಸಬರಿಗೆ ಒಳ್ಳೆಯದು. ಯಮಹಾ ಟಿಆರ್‌ಬಿಎಕ್ಸ್ 174, ಸ್ಕ್ವಯರ್ ಅಫಿನಿಟಿ ಸಾಲಿನ ಪಿಜೆ, ಐಬನೆಜ್ ಜಿಎಸ್‌ಆರ್ 200 ಮೂರೂ ಈ ಜಾತಿಯವು. ಕೊನೆಯದರಲ್ಲಿ ತಗ್ಗು ಸ್ವರವನ್ನು ಹಿಗ್ಗಿಸುವ ಬೇಸ್ ಬೂಸ್ಟ್ ನಾಬ್ ಇರುವುದರಿಂದ ಬ್ಯಾಟರಿಯೂ ಇದೆ.

ಬ್ಯಾಟರಿ ಇರುವ ಆಕ್ಟಿವ್ ಬೇಸ್ ಕೆಟ್ಟದ್ದೇನಲ್ಲ, ಆದರೆ ಒಂದು ಗುಟ್ಟು ಗೊತ್ತಿರಬೇಕು. ಕೇಬಲ್ ಸಿಕ್ಕಿಸಿದರೇ ಸ್ವಿಚ್ ಆನ್ ಆದ ಲೆಕ್ಕ. ರಾತ್ರಿಯೆಲ್ಲ ಕೇಬಲ್ ಚುಚ್ಚಿಟ್ಟರೆ 9 ವೋಲ್ಟ್ ಬ್ಯಾಟರಿ ಸುಮ್ಮನೆ ಕರಗುತ್ತದೆ. ಬ್ಯಾಟರಿ ಸಾಯುವಾಗ ಸದ್ದು ಒಮ್ಮೆಗೇ ನಿಲ್ಲುವುದಿಲ್ಲ. ಜೋರಾಗಿ ಮೀಟಿದ ಸ್ವರ ಒಡೆದಂತೆ, ಉಸಿರುಕಟ್ಟಿದಂತೆ ಕೇಳುತ್ತದೆ, ಆಂಪ್ ಕೆಟ್ಟಿತು ಅನ್ನಿಸುತ್ತದೆ. ಮೊದಲ ವಾದ್ಯ ಬ್ಯಾಟರಿ ಇಲ್ಲದ ಪ್ಯಾಸಿವ್ ಆಗಿದ್ದರೆ ಅನುಮಾನಪಡಬೇಕಾದ ಸಂಗತಿಗಳಲ್ಲಿ ಒಂದು ಕಡಿಮೆ.

ಉದ್ದದ ಮಾತು. ನಟ್‌ನಿಂದ ಬ್ರಿಜ್‌ವರೆಗೆ (ತಂತಿಗಳ ಇನ್ನೊಂದು ತುದಿ ಕೂರುವ ಲೋಹದ ಭಾಗ) ತಂತಿಯ ಮಾಮೂಲಿ ಉದ್ದ 34 ಇಂಚು. 30 ಇಂಚಿನವಕ್ಕೆ ಶಾರ್ಟ್ ಸ್ಕೇಲ್ ಎನ್ನುತ್ತಾರೆ, ಐಬನೆಜ್ ಮಿಕ್ರೋ ಇನ್ನೂ ಚಿಕ್ಕದು, 28.6 ಇಂಚು. ಚಿಕ್ಕದನ್ನು ಮಕ್ಕಳಾಟಿಕೆ ಎನ್ನುವವರ ಮಾತು ಕಿವಿಗೆ ಹಾಕಿಕೊಳ್ಳಬೇಕಿಲ್ಲ. ಫ್ರೆಟ್‌ಗಳು ಒತ್ತೊತ್ತಾಗಿರುತ್ತವೆ, ಅದೇ ಶ್ರುತಿಗೆ ತಂತಿ ಸಡಿಲವಾಗಿರುತ್ತದೆ, ಚಿಕ್ಕ ಕೈಗೂ ನೋಯುವ ಮಣಿಕಟ್ಟಿಗೂ ಇದೇ ಹಿತ. ಬದಲಿಗೆ ಇ ತಂತಿಯ ಸ್ಪಷ್ಟತೆ ಸ್ವಲ್ಪ ಹೋಗುತ್ತದೆ, ತಂತಿಯನ್ನೂ ಶಾರ್ಟ್ ಸ್ಕೇಲ್‌ನದೇ ಎಂದು ಕೇಳಿ ಕೊಳ್ಳಬೇಕು. ನೆಕ್‌ನ ಅಗಲವೂ ಕೈಗೆ ಗೊತ್ತಾಗುತ್ತದೆ: ಜಾಝ್ ಬಗೆಯದು ನಟ್ ಹತ್ತಿರ ಸುಮಾರು 38 ಮಿಲಿಮೀಟರ್, ಪ್ರಿಸಿಷನ್ ಬಗೆಯದು 41ರಿಂದ 44.

ಇನ್ನು ತೂಕ. ಮೂರೂವರೆಯಿಂದ ನಾಲ್ಕೂವರೆ ಕಿಲೋ ಸಾಮಾನ್ಯ, ಆದರೆ ತಕ್ಕಡಿಗಿಂತ ಸಮತೋಲ ಮುಖ್ಯ. ಸ್ಟ್ರಾಪ್ ಹಾಕಿಕೊಂಡು ನಿಂತು ಎರಡೂ ಕೈ ಬಿಡಿ. ನೆಕ್ ನೆಲದ ಕಡೆಗೆ ತೂಗಿಬಿದ್ದರೆ ನುಡಿಸುವಷ್ಟು ಹೊತ್ತೂ ಎಡಗೈ ಅದನ್ನು ಎತ್ತಿಹಿಡಿಯುವ ಕೂಲಿ ಮಾಡಬೇಕು. ಫ್ರೆಟ್ ಬದಲಿಸುವಾಗ ಕೈ ತಡವರಿಸುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಒಳಮೈ ಒರಟಾದ, ಏಳೆಂಟು ಸೆಂಟಿಮೀಟರ್ ಅಗಲದ ಸ್ಟ್ರಾಪ್ ಹಾಕಿದರೆ ಸ್ವಲ್ಪ ತಡೆಯುತ್ತದೆ. ನುಣುಪಾದ ನೈಲಾನ್ ಪಟ್ಟಿ ಇದನ್ನು ಇನ್ನಷ್ಟು ಕೆಡಿಸುತ್ತದೆ.

ಮರ ಯಾವುದು ಎಂಬ ಚರ್ಚೆಗೆ ಈ ಹಂತದಲ್ಲಿ ಕಾಲ ಹಾಕುವುದು ದಂಡ.

ಸೆಕೆಂಡ್ ಹ್ಯಾಂಡ್ ಆದರೆ

ಅದೇ ದುಡ್ಡಿಗೆ ಒಂದು ದರ್ಜೆ ಮೇಲಿನದು ಬೇಕೆಂದರೆ ಬಳಸಿದ್ದೇ ದಾರಿ. ಬೇಸ್ ಸುಲಭಕ್ಕೆ ಸವೆಯುವ ವಸ್ತುವಲ್ಲ. ಮೈಮೇಲಿನ ಗೀರು, ಪೇಂಟ್ ಎದ್ದಿರುವುದು ಚೌಕಾಸಿಗೆ ಒಳ್ಳೆಯದು, ನಾದಕ್ಕೆ ಅದರಿಂದ ಏನೂ ಇಲ್ಲ. ನೋಡಬೇಕಾದ್ದು ನೆಕ್.

ವಾದ್ಯವನ್ನು ಬಂದೂಕಿನಂತೆ ಹಿಡಿದು ಬ್ರಿಜ್ ಕಡೆಯಿಂದ ನೆಕ್‌ನ ಉದ್ದಕ್ಕೂ ದೃಷ್ಟಿ ಹಾಯಿಸಿ. ನಟ್‌ನ ಗೆರೆ ಮತ್ತು ಕೊನೆಯ ಫ್ರೆಟ್‌ನ ಗೆರೆ ಒಂದಕ್ಕೊಂದು ಸಮಾನಾಂತರವಾಗಿರಬೇಕು. ಒಂದು ಎಡಕ್ಕೆ ವಾಲಿ ಇನ್ನೊಂದು ಬಲಕ್ಕೆ ವಾಲಿದ್ದರೆ ನೆಕ್ ತಿರುಚಿಕೊಂಡಿದೆ, ಬೆಲೆ ಎಷ್ಟೇ ಇಳಿಸಲಿ ಬೇಡ. ನೆಕ್ ಬಿಲ್ಲಿನಂತೆ ಬಾಗಿದ್ದರೆ ಅದು ತಿರುಚುವಿಕೆಯಲ್ಲ, ಒಳಗಿನ ಟ್ರಸ್ ರಾಡ್ ಎಂಬ ಲೋಹದ ಸರಳಿನಿಂದ ತಿದ್ದಬಹುದು. ಆದರೆ ರಾಡ್‌ನಲ್ಲಿ ಇನ್ನೂ ತಿರುಗಿಸಲು ಜಾಗ ಉಳಿದಿದೆಯೇ ಎಂದು ಮಾಲೀಕರ ಒಪ್ಪಿಗೆ ಪಡೆದು ಕಾಲು ಸುತ್ತು ತಿರುಗಿಸಿ ನೋಡಲೇಬೇಕು. ಪೂರ್ತಿ ಬಿಗಿದಿದ್ದು ನೆಕ್ ಇನ್ನೂ ಬಾಗೇ ಇದ್ದರೆ, ಅಥವಾ ಅಲೆನ್ ಕೀ ಕೂರುವ ತೂತು ಉರುಟಾಗಿದ್ದರೆ, ಎದ್ದು ಬರುವುದೇ ಸರಿ.

ಆಮೇಲೆ ಬ್ರಿಜ್. ಸ್ಯಾಡಲ್‌ಗಳು (ಬ್ರಿಜ್‌ನಲ್ಲಿ ಒಂದೊಂದು ತಂತಿಗೂ ಆನಿಕೆಯಾಗಿರುವ ತುಂಡುಗಳು) ತಳಕ್ಕೆ ಕೂತಿದ್ದೂ ತಂತಿಗಳು ಎತ್ತರದಲ್ಲಿದ್ದರೆ ತೊಂದರೆ ಇರುವುದು ನೆಕ್ ಕೂರುವ ಕೋನದಲ್ಲಿ. ಬೋಲ್ಟ್‌ಗಳಿಂದ ಮೈಗೆ ಕೂಡಿಸಿದ ನೆಕ್ ಆದರೆ ಬಿಚ್ಚಿ, ಅದು ಕೂರುವ ಗುಳಿಯಲ್ಲಿ ಬ್ರಿಜ್ ಕಡೆಯ ಅಂಚಿಗೆ ಅರ್ಧ ಮಿಲಿಮೀಟರ್ ದಪ್ಪದ ಚೂರು ಇಟ್ಟು ಮತ್ತೆ ಬಿಗಿದರೆ ಮುಗಿಯಿತು. ಸ್ಯಾಡಲ್ ಸ್ಕ್ರೂಗಳು ತುಕ್ಕು ಹಿಡಿದು ತಿರುಗದಿದ್ದರೆ ಅದೂ ಬೇರೆ ಬ್ರಿಜ್‌ನ ಖರ್ಚು.

ನಾಲ್ಕೂ ತಂತಿಗಳಲ್ಲಿ ಒಂದೊಂದು ಫ್ರೆಟ್ಟನ್ನೂ ನಿಧಾನಕ್ಕೆ ನುಡಿಸಿ. ಎಲ್ಲಕ್ಕಿಂತ ತೆಳ್ಳಗಿನ ಜಿ ತಂತಿಯಲ್ಲಿ ಐದರಿಂದ ಏಳನೇ ಫ್ರೆಟ್ ಸುತ್ತ ಯಾವುದೋ ಒಂದು ಸ್ವರ ಬೇಗ ಸತ್ತುಹೋದರೆ ಗಾಬರಿ ಬೇಡ. ನೆಕ್‌ನ ಸ್ವಂತ ಕಂಪನ ಆ ಸ್ವರದ ಶಕ್ತಿಯನ್ನು ನುಂಗುವುದರಿಂದ ಹೀಗಾಗುತ್ತದೆ, ದುಬಾರಿ ವಾದ್ಯಗಳಲ್ಲೂ ಇರುತ್ತದೆ. ನಾಬ್ ತಿರುಗಿಸಿದಾಗ ಕರಕರ ಅಂದರೆ ಕಾಂಟ್ಯಾಕ್ಟ್ ಕ್ಲೀನರ್ ಸ್ವಲ್ಪ ಒಳಗೆ ಹೊಡೆದು ಇಪ್ಪತ್ತು ಮೂವತ್ತು ಸಲ ತಿರುಗಿಸಿದರೆ ಸಾಮಾನ್ಯವಾಗಿ ಹೋಗುತ್ತದೆ. ಜ್ಯಾಕ್ (ಕೇಬಲ್ ಸಿಕ್ಕಿಸುವ ತೂತು) ಸಡಿಲವಾಗಿದ್ದರೆ ಹೊರಗಿನ ಲೋಹದ ತಿರುಪನ್ನಷ್ಟೇ ತಿರುಗಿಸಿ ಬಿಗಿಯಬೇಡಿ. ಒಳಗೆ ಜ್ಯಾಕೂ ಜೊತೆಗೆ ತಿರುಗಿ ವೈರ್ ಹೆಣೆದುಕೊಂಡು ಬೆಸುಗೆ ಕಿತ್ತುಬರುತ್ತದೆ. ಮುಚ್ಚಳ ಬಿಚ್ಚಿ ಜ್ಯಾಕನ್ನು ಹಿಡಿದುಕೊಂಡು ಬಿಗಿಯಿರಿ. ತಂತಿ ಮುಟ್ಟಿದಾಗ ಗುಂಯ್ ಸದ್ದು ಕಡಿಮೆಯಾದರೆ ಅದು ಸಹಜ. ಮುಟ್ಟಿದರೂ ಏನೂ ವ್ಯತ್ಯಾಸವಾಗದೆ ಗುಂಯ್‌ಗುಡುತ್ತಲೇ ಇದ್ದರೆ ಬ್ರಿಜ್‌ಗೆ ಹೋಗುವ ಅರ್ತ್ ವೈರ್ ಕಿತ್ತಿರಬಹುದು. ಅದು ಒಂದು ಬೆಸುಗೆಯ ಕೆಲಸ.

ಫ್ರೆಟ್ ತುದಿಗಳ ಮೇಲೆ ಅಂಗೈ ಸವರಿ. ಗರಗಸದಂತೆ ಚುಚ್ಚಿದರೆ ಒಣಹವೆಗೆ ಮರ ಕುಗ್ಗಿ ಲೋಹ ಹೊರಚಾಚಿದೆ. ಮರಕ್ಕೆ ಟೇಪ್ ಅಂಟಿಸಿ ಸಣ್ಣ ಅರದಿಂದ ಉಜ್ಜಬಹುದು.

ಸೆಟಪ್, ಸಾಲಾಗಿ

ಕ್ರಮ ತಪ್ಪಿದರೆ ಸೆಟಪ್ ಎಂದೂ ಮುಗಿಯುವುದಿಲ್ಲ. ಒಂದನ್ನು ಸರಿಮಾಡಿದಾಗ ಹಿಂದಿನದು ಕೆಡುತ್ತದೆ. ಮೊದಲು ಹೊಸ ತಂತಿ, ಆಮೇಲೆ ಶ್ರುತಿ, ನಂತರ ನೆಕ್‌ನ ಬಾಗು, ಆಮೇಲೆ ತಂತಿಯ ಎತ್ತರ, ಕಡೆಗೆ ಇಂಟೊನೇಷನ್, ಅಂದರೆ ನೆಕ್‌ನ ಉದ್ದಕ್ಕೂ ಒತ್ತಿದ ಸ್ವರಗಳು ಶ್ರುತಿಯಲ್ಲಿರುವಂತೆ ಹೊಂದಿಸುವುದು.

ತಂತಿಗೆ ನಿಕಲ್ ರೌಂಡ್‌ವೌಂಡ್ (ದುಂಡನೆಯ ಎಳೆ ಸುತ್ತಿದ್ದು), 45ರಿಂದ 105 ಗಾತ್ರದ (ದಪ್ಪ, ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ) ಸೆಟ್ ತೆಗೆದುಕೊಂಡರೆ ತಪ್ಪಾಗದು. ತಂತಿ ಕತ್ತರಿಸುವುದರಲ್ಲೇ ಮೊದಲ ಎಡವಟ್ಟು. ಸುತ್ತುವ ಗೂಟದಿಂದ ಸುಮಾರು 10–12 ಸೆಂಟಿಮೀಟರ್ ಮುಂದಕ್ಕೆ ಬಿಟ್ಟು, ಅಲ್ಲಿ ಮೊದಲು ಲಂಬಕೋನಕ್ಕೆ ಬಗ್ಗಿಸಿ, ಬಗ್ಗಿದ ಆಚೆಗೆ ಕತ್ತರಿಸಬೇಕು. ಬಗ್ಗಿಸದೆ ಕತ್ತರಿಸಿದರೆ ಕೆಲವು ಬಗೆಯ ತಂತಿಗಳಲ್ಲಿ ಹೊರಸುತ್ತು ಒಳಗಿನ ಎಳೆಯ ಮೇಲೆ ಜಾರಿ, ಹೊಸ ತಂತಿಯೇ ಮಂಕಾಗುತ್ತದೆ. ತುದಿಯನ್ನು ಗೂಟದ ನಡುವಿನ ತೂತಿಗೆ ಇಳಿಸಿ, ಎರಡು ಮೂರು ಸುತ್ತು ಮೇಲಿನಿಂದ ಕೆಳಕ್ಕೆ ಬರುವಂತೆ ಸುತ್ತಿ. ಕೆಳಕ್ಕೇ ಯಾಕೆ? ಎ ತಂತಿ ನಟ್‌ನಿಂದ ಗೂಟಕ್ಕೆ ಸಾಕಷ್ಟು ಇಳಿಜಾರಾಗಿ ಹೋಗದಿದ್ದರೆ ಬಿಟ್ಟ ತಂತಿ ನಟ್‌ನಲ್ಲೇ ಝಿಲ್ ಅನ್ನುತ್ತದೆ. ಫೆಂಡರ್ ಬಗೆಯ ತಲೆಯಲ್ಲಿ ಡಿ, ಜಿ ತಂತಿಗಳನ್ನು ಒತ್ತಿಹಿಡಿಯುವ ಪುಟ್ಟ ಗುಂಡಿ ಇರುತ್ತದೆ, ಎ ತಂತಿಗೆ ಸಾಮಾನ್ಯವಾಗಿ ಇರುವುದಿಲ್ಲ. ಜನ ಇದಕ್ಕೆ ನಟ್ ಬದಲಿಸುತ್ತಾರೆ, ಫ್ರೆಟ್ ಉಜ್ಜಿಸುತ್ತಾರೆ. ಬೇಕಿದ್ದದ್ದು ಇನ್ನೊಂದು ಸುತ್ತು ಅಷ್ಟೆ.

ಶ್ರುತಿಗೆ, ದಪ್ಪನೆಯ ತಂತಿಯಿಂದ ತೆಳ್ಳನೆಯದರವರೆಗೆ, ಇ, ಎ, ಡಿ, ಜಿ. ಇ ತಂತಿ 41.2 ಹರ್ಟ್ಸ್, ಕ್ಲಿಪ್ ಟ್ಯೂನರ್‌ಗಳು ಇಲ್ಲಿ ತಬ್ಬಿಬ್ಬಾಗುತ್ತವೆ. ಹನ್ನೆರಡನೇ ಫ್ರೆಟ್‌ನ ಮೇಲೆ ತಂತಿಯನ್ನು ಒತ್ತದೆ ಸುಮ್ಮನೆ ಮುಟ್ಟಿ ಹಾರ್ಮಾನಿಕ್ ನುಡಿಸಿದರೆ ಒಂದು ಸ್ಥಾಯಿ ಮೇಲಿನ ಇ ಸಿಗುತ್ತದೆ, ಮುಳ್ಳು ನಿಲ್ಲುತ್ತದೆ.

ಬಾಗು ಅಳೆಯುವುದು ಹೀಗೆ. ಮೊದಲ ಫ್ರೆಟ್ಟನ್ನು ಒಂದು ಕೈಯಲ್ಲೂ ಕೊನೆಯ ಫ್ರೆಟ್ಟನ್ನು ಇನ್ನೊಂದು ಕೈಯಲ್ಲೂ ಒತ್ತಿದರೆ ತಂತಿಯೇ ಸ್ಕೇಲ್ ಪಟ್ಟಿ ಆಯಿತು. ಏಳು ಎಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ಸುಮಾರು 0.3 ಮಿಲಿಮೀಟರ್ ಇರಬೇಕು. ಹೆಚ್ಚಿದ್ದರೆ ಟ್ರಸ್ ರಾಡ್‌ನ ತುದಿಯ ತಿರುಪನ್ನು ಪ್ರದಕ್ಷಿಣೆಯಾಗಿ ಬಿಗಿಯಬೇಕು, ಇಲ್ಲವೇ ಇಲ್ಲ ಎನ್ನುವಂತಿದ್ದರೆ ಅಪ್ರದಕ್ಷಿಣೆಯಾಗಿ ಸಡಿಲಿಸಬೇಕು. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚಲ್ಲ. ಮತ್ತೆ ಶ್ರುತಿ ಮಾಡಿ, ಮತ್ತೆ ಅಳೆಯಿರಿ. ಬಲ ಹಾಕಿದರೂ ತಿರುಗದಿದ್ದರೆ ಇನ್ನಷ್ಟು ಬಲ ಹಾಕುವುದು ನೆಕ್ ಕಳೆದುಕೊಳ್ಳುವ ದಾರಿ.

ತಂತಿಯ ಎತ್ತರ ಹನ್ನೆರಡನೇ ಫ್ರೆಟ್‌ನಲ್ಲಿ ಇ ತಂತಿಗೆ ಸುಮಾರು ಎರಡೂವರೆ, ಜಿ ತಂತಿಗೆ ಎರಡು ಮಿಲಿಮೀಟರ್ ಇಟ್ಟು ಶುರುಮಾಡಿ. ಎತ್ತರ ಇಳಿಸುವುದಕ್ಕೆ ಟ್ರಸ್ ರಾಡ್ ಬಳಸುವುದು ಎಲ್ಲಕ್ಕಿಂತ ಹೆಚ್ಚು ಕಾಣುವ ತಪ್ಪು. ರಾಡ್ ಇರುವುದು ಬಾಗಿಗೆ, ಎತ್ತರಕ್ಕೆ ಸ್ಯಾಡಲ್ ಸ್ಕ್ರೂಗಳಿವೆ. ಇಂಟೊನೇಷನ್‌ಗೆ ಹನ್ನೆರಡನೇ ಫ್ರೆಟ್‌ನ ಹಾರ್ಮಾನಿಕ್ಕನ್ನೂ ಅಲ್ಲೇ ಒತ್ತಿದ ಸ್ವರವನ್ನೂ ಹೋಲಿಸಿ. ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ನೆಕ್ ಕಡೆಗೆ. ಹಳೇ ತಂತಿಯಲ್ಲಿ ಇದನ್ನು ಮಾಡಲು ಕೂತರೆ ದಿನ ಹಾಳು, ಬೆವರು ಕೂತ ತಂತಿಯ ದಪ್ಪ ಉದ್ದಕ್ಕೂ ಒಂದೇ ಇರುವುದಿಲ್ಲ.

ಇಷ್ಟಾದ ಮೇಲೂ ತಂತಿ ಜರ್ರೆಂದರೆ, ಎಲ್ಲಿ ಎಂಬುದೇ ಉತ್ತರ. ಬಿಟ್ಟಾಗ ಮಾತ್ರ ಬಂದರೆ ನಟ್. ಒಂದರಿಂದ ಐದನೇ ಫ್ರೆಟ್‌ವರೆಗೆ ಬಂದರೆ ನೆಕ್ ತೀರಾ ನೆಟ್ಟಗಾಗಿದೆ. ಹನ್ನೆರಡರ ಮೇಲೆ ಬಂದರೆ ಸ್ಯಾಡಲ್ ತಗ್ಗು, ಅಥವಾ ನೆಕ್‌ನ ಬುಡ ಮೇಲೆದ್ದಿದೆ. ಒಂದೇ ಜಾಗದಲ್ಲಿ ಬಂದರೆ ಅದರ ಮುಂದಿನ ಫ್ರೆಟ್ ಎದ್ದಿದೆ. ಇವೆಲ್ಲಕ್ಕೂ ಮೊದಲು ಬೆರಳನ್ನು ಫ್ರೆಟ್‌ನ ಲೋಹಕ್ಕೆ ತಾಗುವಷ್ಟು ಹತ್ತಿರ, ಅದರ ಹಿಂದೆಯೇ ಇಟ್ಟು, ಮೆತ್ತಗೆ ಮೀಟಿ ನೋಡಿ. ಆಗ ಸದ್ದು ಮಾಯವಾದರೆ ಆ ಒಂದು ತಪ್ಪು ಮಾತ್ರ ಕೈಯದು. ಮತ್ತೊಂದು ಮಾತು: ಆಂಪ್‌ನಲ್ಲಿ ಕೇಳದ ಜರ್ ಸದ್ದು, ಪ್ಲಗ್ ಹಾಕದೆ ಕೋಣೆಯ ಮೌನದಲ್ಲಿ ಮಾತ್ರ ಕೇಳುವಂಥದ್ದು, ಲೆಕ್ಕಕ್ಕಿಲ್ಲ.

ಕೇಳುವುದು

ಮನೆಯಲ್ಲಿ ಅಭ್ಯಾಸಕ್ಕೆ ಆಂಪ್ ಬೇಕೇ ಬೇಕೆಂದಿಲ್ಲ. ವೈರ್ ಇರುವ ಒಳ್ಳೆಯ ಹೆಡ್‌ಫೋನ್ ಮತ್ತು ಒಂದು ಆಡಿಯೊ ಇಂಟರ್‌ಫೇಸ್ (ವಾದ್ಯವನ್ನು ಕಂಪ್ಯೂಟರ್‌ಗೆ ಜೋಡಿಸುವ ಪೆಟ್ಟಿಗೆ), ಅಥವಾ ಜ್ಯಾಕ್‌ಗೆ ನೇರ ಸಿಕ್ಕಿಸುವ ಹೆಡ್‌ಫೋನ್ ಆಂಪ್, ಅದೇ ದುಡ್ಡಿನ ಸ್ಪೀಕರ್‌ಗಿಂತ ಆಳದ ಸ್ವರವನ್ನು ಚೆನ್ನಾಗಿ ಕೇಳಿಸುತ್ತದೆ. ಬ್ಲೂಟೂತ್ ಹೆಡ್‌ಫೋನ್ ಮಾತ್ರ ಬೇಡ. ಮೀಟಿದ್ದಕ್ಕೂ ಕೇಳಿದ್ದಕ್ಕೂ ನಡುವಿನ ವಿಳಂಬ ನೂರು ಮಿಲಿಸೆಕೆಂಡ್ ದಾಟುವುದುಂಟು, ತಾಳ ಕಲಿಯುವವರಿಗೆ ಅದು ವಿಷ. ಇಂಟರ್‌ಫೇಸ್‌ನಲ್ಲಿ ಇನ್‌ಸ್ಟ್ರುಮೆಂಟ್ ಎಂಬ ಸ್ವಿಚ್ ಒತ್ತಿರಬೇಕು. ಪ್ಯಾಸಿವ್ ಪಿಕಪ್‌ಗೆ ಸುಮಾರು ಒಂದು ಮೆಗಾಓಮ್‌ನ ಇನ್‌ಪುಟ್ ಬೇಕು, ಲೈನ್ ಇನ್‌ಪುಟ್‌ಗೆ ಹಾಕಿದರೆ ಕಂಬಳಿ ಹೊದಿಸಿದ ಹಾಗೆ ಕೇಳುತ್ತದೆ. ಕಂಪ್ಯೂಟರ್ ಸದ್ದನ್ನು ತುಸು ಕೂಡಿಟ್ಟುಕೊಳ್ಳುವ ಬಫರ್ ಅನ್ನು 128 ಸ್ಯಾಂಪಲ್ ಇಟ್ಟರೆ 48 ಕಿಲೋಹರ್ಟ್ಸ್‌ನಲ್ಲಿ ಅದು ಸೇರಿಸುವ ವಿಳಂಬ 2.7 ಮಿಲಿಸೆಕೆಂಡ್. ಕಂಪ್ಯೂಟರ್ ಚಟಪಟ ಅಂದರೆ 256ಕ್ಕೆ ಏರಿಸಿ.

ಆಂಪ್ ಬೇಕೇ ಬೇಕೆಂದರೆ ಕೋಣೆಗೆ 20–30 ವಾಟ್, ಎಂಟು ಅಥವಾ ಹತ್ತಿಂಚಿನ ಸ್ಪೀಕರ್. ಎಂಟಿಂಚು 41 ಹರ್ಟ್ಸನ್ನು ನಿಜವಾಗಿ ಹೊರಡಿಸುವುದಿಲ್ಲ. ಮೇಲಿನ ಉಪಸ್ವರಗಳನ್ನು ಕೇಳಿ ಕಿವಿಯೇ ಮೂಲಸ್ವರವನ್ನು ಊಹಿಸಿಕೊಳ್ಳುತ್ತದೆ. ಹಾಗಾಗಿ ಚಿಕ್ಕ ಆಂಪ್‌ನಲ್ಲಿ ಬೇಸ್ ನಾಬ್ ಕೊನೆಯವರೆಗೆ ತಿರುಗಿಸುವುದರಿಂದ ಸಿಗುವುದು ಆಳವಲ್ಲ, ಒಡೆದ ಸದ್ದು. ಬೇಸ್ ಇಳಿಸಿ ನಡುವಿನ ಮಿಡ್ ಏರಿಸಿದರೆ ಸ್ವರ ಎದ್ದು ಕೇಳುತ್ತದೆ. ಲೀಡ್ ಗಿಟಾರ್‌ನ ಆಂಪ್‌ಗೆ ಬೇಸ್ ಹಾಕಬಹುದೇ? ಮೆಲ್ಲಗೆ ಆದರೆ ಹಾಕಬಹುದು. ಜೋರಾದರೆ ಅದರ ಸ್ಪೀಕರ್ ಕೋನ್ ಅಷ್ಟು ಹಿಂದಕ್ಕೂ ಮುಂದಕ್ಕೂ ಚಲಿಸಲು ಮಾಡಿದ್ದಲ್ಲ, ಹರಿಯುತ್ತದೆ.

ಡ್ರಮ್ಸ್ ಜೊತೆ ನುಡಿಸುವ ದಿನ ಬಂದಾಗ ಆ 30 ವಾಟ್ ಸಾಲದು, ಆದರೆ ಅದು ಈಗಿನ ಖರ್ಚಲ್ಲ. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಲು ಸುಮಾರು ಹತ್ತು ಪಟ್ಟು ವಾಟ್ ಬೇಕು. 30 ಬದಲು 50 ವಾಟ್ ಕೊಳ್ಳಲು ಹೆಚ್ಚಿಗೆ ಕೊಟ್ಟ ದುಡ್ಡು ಅಷ್ಟೇನೂ ಕೇಳಿಸುವುದಿಲ್ಲ. ಒಂದೋ ಚಿಕ್ಕದು, ಇಲ್ಲವೇ ಮುಂದೊಂದು ದಿನ 200 ವಾಟ್‌ನದು. ನಡುವಿನವು ಎರಡಕ್ಕೂ ಸಲ್ಲವು.

ಕೇಬಲ್ ಮೂರು ಮೀಟರ್, ಪ್ಲಗ್‌ನ ಮುಚ್ಚಳ ತಿರುಗಿಸಿ ಬಿಚ್ಚುವಂಥದ್ದಾಗಿರಲಿ, ಬೆಸುಗೆ ಬಿಟ್ಟಾಗ ಮತ್ತೆ ಹಾಕಬಹುದು. ಅಚ್ಚು ಹಾಕಿದ ಪ್ಲಗ್ ಕೆಟ್ಟರೆ ಎಸೆಯಬೇಕು. ಸದ್ದಿನ ಬಣ್ಣ ಬದಲಿಸುವ ಪೆಡಲ್‌ಗಳು ಸದ್ಯಕ್ಕೆ ಬೇಡ. ತಂತಿಯನ್ನು ಪ್ರತಿ ಸಲ ನುಡಿಸಿದ ಮೇಲೆ ಒಣಬಟ್ಟೆಯಿಂದ ಒರೆಸಿದರೆ ತಿಂಗಳುಗಟ್ಟಲೆ ಬಾಳುತ್ತದೆ.

ಆಂಪ್ ತಂದ ಮೊದಲ ವಾರ ಒಂದು ಸ್ವರಕ್ಕೆ ಮಾತ್ರ, ಸಾಮಾನ್ಯವಾಗಿ ಎ ತಂತಿಯ ಮೇಲಿನ ಯಾವುದೋ ಒಂದಕ್ಕೆ, ವಿಚಿತ್ರವಾದ ಗಿರ್ರ್ ಸದ್ದು ಕೇಳಬಹುದು. ಟ್ರಸ್ ರಾಡ್‌ಗೆ ಕೈ ಹಾಕುವ ಮೊದಲು ಹೆಡ್‌ಫೋನ್ ಹಾಕಿ ಅದೇ ಸ್ವರ ನುಡಿಸಿ. ಸದ್ದು ಇಲ್ಲದಿದ್ದರೆ ಹುಡುಕಬೇಕಾದ್ದು ಕಿಟಕಿಯ ಗಾಜನ್ನು, ಕಪಾಟಿನ ಹಿಡಿಯನ್ನು, ಆಂಪ್‌ನ ಮೇಲೇ ಇಟ್ಟು ಮರೆತ ಬೀಗದ ಕೈಯನ್ನು.